ಮೇಲಿನ ಮನೆಯ ಹಸಿರು ದೀಪ

ಹೇಮಶ್ರೀಯ ಸಂಶಯ ಹುಟ್ಟಿನಿಂದ ಬಂದದ್ದಲ್ಲ, ಉದ್ಯೋಗದಿಂದ ಬಂದದ್ದು. ಬ್ಯಾಂಕ್ ಕಾರ್ಡುಗಳ ಮೋಸ ಹಿಡಿಯುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಯಾರದೋ ಕಾರ್ಡಿನಲ್ಲಿ ಎಲ್ಲಿಯೋ ವಿಚಿತ್ರ ಖರ್ಚು ಕಂಡರೆ ಮೊದಲು ಕಾರ್ಡನ್ನು ಬ್ಲಾಕ್ ಮಾಡಬೇಕು, ಆಮೇಲೆ ಫೋನು ಮಾಡಬೇಕು. "ಸರ್, ಈ ವ್ಯವಹಾರ ನೀವೇ ಮಾಡಿದ್ದಾ? ಹೌದಾದರೆ ಒಂದು ಒತ್ತಿ, ಅಲ್ಲವಾದರೆ ಎರಡು ಒತ್ತಿ." ಮೊದಲು ತಡೆ, ಆಮೇಲೆ ಕೇಳು. ಈ ಪಾಠ ಅವಳ ಮೈಗೇ ಹತ್ತಿಬಿಟ್ಟಿತ್ತು. ಸೊಪ್ಪಿನ ಗಾಡಿಯವಳು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೂ 'ಯಾಕೆ?' ಎಂದು ಅವಳ ಮುಖ ನೋಡುತ್ತಿದ್ದಳು.

ಹೀಗಾಗಿ ಆ ಭಾನುವಾರ, ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ದುರ್ಗೇಶ ಹೆಗಲಿಗೆ ನೀಲಿ ಕೇಬಲ್ಲಿನ ಸುರುಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ, ಅವಳು ಮೊದಲು ನೋಡಿದ್ದು ಅವನ ಕೈಗಳನ್ನು. ಮುಖವೂ ನೋಡುವಂತೆಯೇ ಇತ್ತು. ಅದನ್ನು ಅವಳು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು.

"ಏನ್ರೀ ಇದು?"

"ಕೇಬಲ್ ರೀ ಮೇಡಂ. ಕೆಳಗ ನಿಮ್ಮ ಮನಿಗೆ ನೆಟ್ ಬರ್ತದಲ್ಲ, ಅಲ್ಲಿಂದ ಮ್ಯಾಲ ನನ್ನ ರೂಮಿಗೆ ಎಳಕೋತೀನಿ. ನಿಮ್ಮ ಅಪ್ಪಾಜಿ ಹೇಳ್ಯಾರ."

"ನಂಗೇನೂ ಹೇಳಿಲ್ವಲ್ಲ?"

"ಹೇಳಿದ್ರ ನೀವು ಬ್ಯಾಡ ಅಂತೀರಂತ. ಅದನ್ನೂ ಹೇಳ್ಯಾರ."

ಅಪ್ಪ ಸಂಜೀವಪ್ಪ ಬಸ್ ಡ್ರೈವರ್. ಬೆಳಗ್ಗೆ ಬೇಗ ಹೋದರೆ ಸಂಜೆಯ ಮೇಲೆ ಬರುವವರು. ಇಂಥ ಬಾಂಬುಗಳನ್ನು ಇಟ್ಟು ಡ್ಯೂಟಿಗೆ ಹೋಗಿಬಿಡುವುದು ಅವರ ಅಭ್ಯಾಸ. ಆದರೆ ಹೇಮಶ್ರೀಗೆ ಇದು ತಮಾಷೆಯ ಮಾತಾಗಿರಲಿಲ್ಲ. ಕಂಪನಿ ಅವಳಿಗೆ ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದೇ ಅಜ್ಜಿ ಚಿಕ್ಕಮುನಿಯಮ್ಮನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲವೆಂದು. ಅದಕ್ಕೊಂದು ಷರತ್ತಿತ್ತು. ಅವಳ ಲ್ಯಾಪ್‌ಟಾಪಿಗೆ ಬೇರೆಯೇ ತಂತಿ, ಬೇರೆಯೇ ನೆಟ್‌ವರ್ಕ್ ಇರಬೇಕು. ಅದರೊಳಗೆ ಹೊರಗಿನವರ ಯಾವ ಸಾಧನವೂ ಕಾಲಿಡಬಾರದು. ಇಟ್ಟರೆ ಹಲಸೂರಿನ ಈ ಗಲ್ಲಿಯಿಂದ ದಿನಾ ಮಾರತ್ತಹಳ್ಳಿಯ ಆಫೀಸಿಗೆ ಹೋಗಬೇಕು. ಆಗ ಅಜ್ಜಿಯ ಗತಿ?

"ನಿಮಗೆ ಈ ಕೆಲಸ ಬರುತ್ತಾ?" ಎಂದು ಕೇಳಿದಳು.

"ಇಲ್ರಿ. ನಾ ಇಂದಿರಾನಗರದಾಗ ಅಡಗಿಮನಿ ನಕ್ಷೆ ತೆಗಿಯೋವಾ. ಇದನ್ನ ವಿಡಿಯೋ ನೋಡಿ ಕಲ್ತೀನಿ. ಆರೇಳು ಪ್ಲಗ್ ಕೆಡಿಸೀನಿ. ಈಗ ಬರ್ತದ ಅನ್ಕೊಂಡೀನಿ."

ಇಷ್ಟು ನೆಟ್ಟಗೆ ನಿಜ ಹೇಳುವವರ ಮೇಲೆ ಅವಳಿಗೆ ಇನ್ನೂ ಹೆಚ್ಚು ಸಂಶಯ. ಒಳಗೆ ಬಿಟ್ಟಳು, ಆದರೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

ಅವನು ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲಿನ ಬುದ್ಧನ ಪಟಕ್ಕೂ ಬಾಬಾಸಾಹೇಬರ ಪಟಕ್ಕೂ ಕೈ ಮುಗಿದು ಕೆಲಸಕ್ಕೆ ಇಳಿದ. 'ನಾಟಕ,' ಅಂದುಕೊಂಡಳು. ಕೇಬಲ್ಲಿನ ತುದಿಯನ್ನು ಸುಲಿದಾಗ ಒಳಗಿನಿಂದ ಬಣ್ಣಬಣ್ಣದ ಎಂಟು ಸಣ್ಣ ತಂತಿಗಳು ಹೊರಬಂದವು. ಅವನ್ನು ಸಾಲಾಗಿ ಪ್ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಬೇಕು. ಒಂದು ಬಣ್ಣ ತಪ್ಪಿದರೂ ಎಲ್ಲ ದಂಡ. ಅವನ ಎರಡೂ ಕೈಗೆ ಕೆಲಸವಿದ್ದುದರಿಂದ ಫೋನು ಹಿಡಿದು ಬಣ್ಣ ಓದುವ ಕೆಲಸ ಅವಳ ಪಾಲಿಗೆ ಬಂತು.

"ಬಿಳಿ-ಕಿತ್ತಳೆ. ಕಿತ್ತಳೆ. ಬಿಳಿ-ಹಸಿರು. ನೀಲಿ."

"ನೀಲಿ ಯಾಕ್ರಿ? ಹಸಿರ ಬರಬೇಕಲ್ಲ?"

"ಇಲ್ಲಿ ನೀಲಿ ಅಂತಿದೆ. ಸುಳ್ ಹೇಳಿದ್ರೆ ನಂಗೇನ್ ಸಿಗುತ್ತೆ?"

"ನೀವು ಸುಳ್ಳ ಹೇಳಂಗಿಲ್ಲ ಬಿಡ್ರಿ, ಸುಳ್ಳ ಹಿಡಿಯೋರು," ಎಂದು ತಲೆಯೆತ್ತದೆ ನಕ್ಕ.

ಕಂದು ತಂತಿ ಜಾರಿತು. ಹಿಡಿಯಲು ಅವನೂ ಬಾಗಿದ, ಅವಳೂ ಬಾಗಿದಳು. ಹಣೆಗೆ ಹಣೆ ತಾಕುವುದೊಂದು ಬಾಕಿ. ಅವನ ರೆಪ್ಪೆಯ ಮೇಲೆ ಗೋಡೆ ಕೊರೆದ ಸುಣ್ಣದ ಪುಡಿ ಕೂತಿದ್ದು ಅವಳಿಗೆ ಕಂಡಿತು. ಊದಿಬಿಡಬೇಕೆನಿಸಿತು. ಊದಲಿಲ್ಲ.

ಕೊನೆಗೆ ಎಲ್ಲ ಸೇರಿಸಿ, ಅವಳ ಟೇಬಲ್ಲಿನ ಮೇಲಿದ್ದ ಸ್ವಿಚ್ ಎಂಬ ಸಣ್ಣ ಡಬ್ಬಿಗೆ ಎರಡು ಕೇಬಲ್ ಸಿಕ್ಕಿಸಿದರು. ಒಂದು ಅವಳ ಲ್ಯಾಪ್‌ಟಾಪಿನದು, ಇನ್ನೊಂದು ಕಿಟಕಿಯಿಂದ ಹೊರಟು ಮೇಲಿನ ರೂಮಿನ ವೈಫೈ ಡಬ್ಬಿಗೆ ಹೋಗುವುದು. ಎರಡು ಹಸಿರು ದೀಪ ಅಕ್ಕಪಕ್ಕ ಹತ್ತಿಕೊಂಡವು. ಅವಳು ಕೂತು ಒಂದೇ ನೆಟ್ಟನ್ನು ಎರಡು ಪಾಲು ಮಾಡಿದಳು, ತನ್ನದು ತನಗೆ, ಉಳಿದವರದು ಉಳಿದವರಿಗೆ.

"ಮೇಲಿನ ಡಬ್ಬಿ ಪಾಸ್‌ವರ್ಡೂ ನನ್ ಹತ್ರಾನೇ ಇರುತ್ತೆ. ಪ್ರತಿ ಭಾನುವಾರ ಬದಲಾಯಿಸ್ತೀನಿ."

"ಅಂದ್ರ ಪ್ರತಿ ಭಾನುವಾರ ನಾ ಕೆಳಗ ಬಂದು ಕೇಳಬೇಕು?"

"ಹೌದು."

"ಛೊಲೋ ಆತು," ಎಂದ. ಅದರಲ್ಲಿ ಛೊಲೋ ಆಗುವಂಥದ್ದು ಏನಿದೆಯೆಂದು ಅವಳು ಇಡೀ ದಿನ ಯೋಚಿಸಿದಳು.

ಮುಂದಿನ ಭಾನುವಾರ ಅವನು ಬಂದು ನಿಂತ.

"ಹೊಸ ಪಾಸ್‌ವರ್ಡ್ ಏನ್ರಿ?"

"ಯಾರ್‌ನೀನು."

"ನಾ ದುರ್ಗೇಶ ರೀ..."

"ಅದೇ ಪಾಸ್‌ವರ್ಡು. ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯ ಜಾಗ ಬಿಡ್ದೆ."

ಅದರ ಮುಂದಿನ ವಾರದ್ದು 'ನೋಡ್ತಾಇರ್ತೀನಿ'. ಅವನು ಗಂಭೀರವಾಗಿ, "ನೋಡ್ರಿ, ಬ್ಯಾಡ ಅಂದೋರ್ಯಾರು?" ಎಂದು ಹತ್ತಿ ಹೋದ. ಅದರ ಮುಂದಿನ ವಾರ ಅವಳು ಬಹಳ ಹೊತ್ತು ಕೀಬೋರ್ಡಿನ ಮುಂದೆ ಕೂತು 'ಊಟಆಯ್ತಾ' ಎಂದು ಹೊಡೆದಳು. ಅದನ್ನು ಬಾಯಿಬಿಟ್ಟು ಹೇಳುವಾಗ ಕಿವಿ ಬಿಸಿಯಾಯಿತು. ಅವನು ಬಾಗಿಲ ಚೌಕಟ್ಟಿಗೆ ಒರಗಿ, "ಆಯ್ತ್ರಿ. ನಿಮ್ದು?" ಎಂದ.

ಆ ಮನೆಯ ಅಂಗಳಕ್ಕೆ ಒಂದು ಕತೆಯಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಹೊತ್ತು ಮಾತ್ರ ಗೊತ್ತಿಲ್ಲ. ಮೊದಲು ಬರುವುದು ಕೆಂಪು ಮಣ್ಣುನೀರು. ಅದನ್ನು ಮೋರಿಗೆ ಬಿಟ್ಟು, ತಿಳಿಯಾದ ಮೇಲೆ ಪೈಪು ಸಿಕ್ಕಿಸಿ ನೆಲದೊಳಗಿನ ಸಂಪ್ ತೊಟ್ಟಿಗೆ ಹರಿಸಬೇಕು. ಅದಕ್ಕೇ ನಲ್ಲಿಯನ್ನು ತೆರೆದಿಟ್ಟು ಕೆಳಗೊಂದು ಹಳೇ ಅಲ್ಯೂಮಿನಿಯಂ ಬೋಗುಣಿ ಬೋರಲು ಹಾಕಿರುತ್ತಾರೆ. ನೀರು ಬಿದ್ದರೆ ಟಣಟಣ ಸದ್ದಾಗುತ್ತದೆ. ಆದರೆ ಆ ಸದ್ದು ಕೇಳಲು ಯಾರಿದ್ದಾರೆ? ಹೇಮಶ್ರೀಯ ಕಿವಿಗೆ ಹೆಡ್‌ಫೋನು. ಪಕ್ಕದ ಮನೆಯ ಮೆಹ್ವಿಶ್ ಬ್ಲೌಸ್ ಹೊಲಿಯುವವಳು, ಅವಳ ಮೆಷಿನ್ನು ದಿನವಿಡೀ ಗಡಗಡ. ಹಿಂದಿನ ಮನೆಯ ಮಾನಮ್ಮ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಉಳಿದದ್ದು ಅಜ್ಜಿಯ ಕಿವಿ. ಪೈಪಿನಲ್ಲಿ ಗಾಳಿ ಉಸ್ಸೆನ್ನುವಾಗಲೇ ಅಜ್ಜಿಗೆ ಗೊತ್ತಾಗುತ್ತದೆಂದು ಗಲ್ಲಿಯಲ್ಲೆಲ್ಲ ಹೆಸರು. "ನೀರ್ ಬಂತ್ರೇ!" ಎಂದು ಅಜ್ಜಿ ಕೂಗಿದರೆ ಮೂರು ಮನೆಯ ಡ್ರಮ್ಮುಗಳು ಉರುಳಿಕೊಂಡು ಬರುತ್ತಿದ್ದವು. ಆ ಕೂಗು ಹಾಕುವಾಗ ಅಜ್ಜಿಯ ಬೆನ್ನು ನೆಟ್ಟಗಾಗುತ್ತಿತ್ತು.

ಹಸಿರು ದೀಪದ ಅನುಮಾನ ಶುರುವಾದದ್ದು ಊಟಆಯ್ತಾ ವಾರದಲ್ಲೇ.

ಮಧ್ಯಾಹ್ನ ಎರಡು ಕರೆಗಳ ನಡುವೆ ಸುಮ್ಮನೆ ಸ್ವಿಚ್ಚಿನ ಕಡೆ ನೋಡಿದಳು. ತನ್ನ ದೀಪ ಸಹಜವಾಗಿ ಮಿಣುಕುತ್ತಿತ್ತು. ಪಕ್ಕದ ದೀಪ, ಮೇಲಿನ ಮನೆಯದು, ಒಂದೇ ಸಮನೆ ಪಟಪಟ ಬಡಿಯುತ್ತಿತ್ತು. ಏನೋ ಹರಿದು ಹೋಗುತ್ತಿದ್ದರೆ ಮಾತ್ರ ದೀಪ ಹಾಗೆ ಬಡಿಯುವುದು. ಆದರೆ ದುರ್ಗೇಶ ಬೆಳಗ್ಗೆಯೇ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಆಫೀಸಿಗೆ ಹೋಗಿದ್ದ. ರೂಮಿಗೆ ಬೀಗ. ಅವಳೇ ನೋಡಿದ್ದಳು. ಅವನು ಹೋಗುವುದನ್ನು ದಿನವೂ ನೋಡುತ್ತಿದ್ದಳಲ್ಲ!

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ.

"ಒಳಗೆ ಯಾರೋ ಇದಾಳೆ," ಎಂದಳು ಮೆಹ್ವಿಶ್, ಹಲ್ಲಿನಲ್ಲಿ ದಾರ ಕಡಿಯುತ್ತ.

"ಯಾರು?"

"ನಂಗೇನ್ ಗೊತ್ತಮ್ಮ? ಊರಿಂದ ಕರ್ಕೊಂಡ್ ಬಂದಿರ್ತಾನೆ. ಬೀಗ ಹಾಕ್ಕೊಂಡ್ ಹೋಗ್ತಾನೆ. ಅವಳು ದಿನಾ ಸೀರಿಯಲ್ ನೋಡ್ತಾ ಕೂತಿರ್ತಾಳೆ."

"ಏನೇನೋ ಹೇಳ್ಬೇಡ ಕಣೇ."

"ಅರೇ, ಮುಖ ಯಾಕೆ ಹಂಗಾಯ್ತು ನಿಂದು? ಕ್ಯಾ ಬಾತ್ ಹೈ?"

ಮುಖ ಹೇಗೂ ಆಗಿಲ್ಲವೆಂದು ಹೇಳಿ ಹೇಮಶ್ರೀ ಮೆಟ್ಟಿಲು ಹತ್ತಿ, ಬೀಗ ಹಾಕಿದ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಒಂದು ಉಸಿರಿನ ಸದ್ದೂ ಇಲ್ಲ. ಹೆಣ್ಣು ಇಲ್ಲವೆಂದು ತಿಳಿದು ಹಗುರವಾಯಿತು. ಆ ಹಗುರ ಇಷ್ಟವಾಗದೆ ಮತ್ತೆ ಸಿಟ್ಟು ಬಂತು. ಹೆಣ್ಣಲ್ಲವಾದರೆ ಇನ್ನೇನು? ಅಮಾಯಕರ ಮನೆಯ ನೆಟ್ಟನ್ನು ಬಳಸಿಕೊಂಡು ಮೋಸ ಮಾಡುವ ತಂಡಗಳ ಕತೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥವರೆಲ್ಲ ಮೃದುವಾಗಿಯೇ ಮಾತಾಡುತ್ತಾರೆ. ಗೋಡೆಯ ಪಟಕ್ಕೆ ಕೈ ಮುಗಿಯುತ್ತಾರೆ. ಊಟ ಆಯ್ತಾ ಎಂದರೆ ನಿಮ್ದು ಎಂದು ಕೇಳುತ್ತಾರೆ.

ಕೆಳಗಿಳಿದು ಬಂದು ಮೇಲಿನ ಕೇಬಲ್ಲನ್ನು ಸ್ವಿಚ್ಚಿನಿಂದ ಕಿತ್ತಳು. ದೀಪ ಆರಿತು. ಅವಳು ಇನ್ನೂ ಕೂತಿರಲಿಲ್ಲ, ಫೋನು ಹೊಡೆದುಕೊಂಡಿತು.

"ಮೇಡಂ, ನಾ ದುರ್ಗೇಶ. ಮನಿ ಕಡೆ ಕರೆಂಟ್ ಹೋಗ್ಯದೇನ್ರಿ?"

"ಇಲ್ಲ. ಯಾಕೆ? ಆಫೀಸಲ್ಲಿ ಕೂತ್ಕೊಂಡು ನಿಮಗ್ಯಾಕೆ ಮನೆ ಕರೆಂಟು?"

"ಸುಮ್ನ ಕೇಳಿದ್ನಿ."

"ಸುಮ್ನೆ?"

"ಹೌದ್ರಿ. ಸುಮ್ನ."

ಇವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸಾವಿರ ಜನರ ಸುಳ್ಳು ಕೇಳಿದ ಕಿವಿಗೆ ಅದು ತಟ್ಟನೆ ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಮತ್ತೆ ಮೇಲೆ ಹೋದಳು. ಈ ಸಲ ಬಾಗಿಲನ್ನು ಬಿಟ್ಟು ಸುತ್ತಲೂ ನೋಡಿದಳು. ರೂಮಿನ ಕಿಟಕಿಯಿಂದ ಒಂದು ಬಿಳಿ ಚಾರ್ಜರ್ ತಂತಿ ಹೊರಬಂದು ಮೆಟ್ಟಿಲ ತಿರುವಿನ ಸಿಮೆಂಟ್ ಜಾಲರಿಯ ಹಿಂದೆ ಸೇರಿಕೊಂಡಿತ್ತು. ಅಲ್ಲಿ, ರಬ್ಬರ್ ಬ್ಯಾಂಡಿನಿಂದ ಬಿಗಿದ ಒಂದು ಹಳೇ ಫೋನು. ಪರದೆ ಒಡೆದು ಕಪ್ಪಾಗಿತ್ತು, ಕ್ಯಾಮೆರಾದ ಕಣ್ಣು ಮಾತ್ರ ಜಾಲರಿಯ ತೂತಿನಿಂದ ಕೆಳಗೆ ಇಣುಕುತ್ತಿತ್ತು. ಕೆಳಗೆ ಅಂಗಳ. ಅಂಗಳದ ಆಚೆ ಅವಳ ಮನೆಯ ಬಾಗಿಲು.

ಮೊದಲು ತಡೆ, ಆಮೇಲೆ ಕೇಳು. ಬಾಗಿ, ಆ ಕಣ್ಣಿನ ನೇರಕ್ಕೆ ತನ್ನ ಕಣ್ಣಿಟ್ಟು, ಅದು ಏನನ್ನು ನೋಡುತ್ತಿದೆಯೆಂದು ನೋಡಬಹುದಿತ್ತು. ನೋಡಲಿಲ್ಲ. ಫೋನನ್ನು ಕಿತ್ತು ತಂದಳು. ಆಮೇಲೆ ಅಜ್ಜಿಯ ಸೊಪ್ಪಿನ ಕತ್ತರಿ ತಂದು ನೀಲಿ ಕೇಬಲ್ಲನ್ನು ಮೆಟ್ಟಿಲ ಪಕ್ಕದಲ್ಲೇ ಕಚಕ್ಕನೆ ಕತ್ತರಿಸಿದಳು.

ಸಂಜೆ ಅವನು ಗೇಟು ದಾಟಿದ್ದೇ ಅಂಗಳದ ನಡುವೆ ನಿಂತು ಕೇಳಿದಳು. ಬೆಳಕು ಇಳಿಯುತ್ತಿತ್ತು. ಮೆಹ್ವಿಶ್ ಮೆಷಿನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಅಜ್ಜಿ ನಲ್ಲಿ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು.

"ಇದು ನಿಮ್ದಾ?"

ಅವನು ಫೋನನ್ನು ನೋಡಿ, ತುಂಡಾಗಿ ಜೋತಾಡುತ್ತಿದ್ದ ಕೇಬಲ್ಲನ್ನು ನೋಡಿದ. "ಹೌದ್ರಿ."

"ಯಾವಾಗಿಂದ ನೋಡ್ತಿದ್ದೀರ?"

"ನಿಮ್ಮ ಬಾಗಿಲಾ ಕಾಣಂಗಿಲ್ಲ ರೀ ಅದರಾಗ. ನೀವೂ ಕಾಣಂಗಿಲ್ಲ."

"ಮತ್ತೇನ್ ಕಾಣುತ್ತೆ? ಹೇಳಿ."

ಅವನ ಕಣ್ಣು ಒಂದು ಕ್ಷಣ ಕಟ್ಟೆಯ ಕಡೆ ಹೋಗಿ ಬಂತು. "ಅದನ್ನ ಹೇಳಾಕ ಆಗಂಗಿಲ್ಲ. ಒಬ್ಬರಿಗೆ ಮಾತ ಕೊಟ್ಟೀನಿ."

"ಮಾತು ಕೊಟ್ಟಿದೀರಾ? ನಮ್ಮನೆ ಮುಂದೆ ಕ್ಯಾಮೆರಾ ಇಟ್ಟು ಯಾರಿಗ್ರೀ ಮಾತು ಕೊಟ್ರಿ? ಅಜ್ಜೀ, ನೀನೇ ಹೇಳು! ಇಂಥೋರ್ನ ಮನೇಲಿ ಇಟ್ಕೋಬೋದಾ? ಕಳಿಸ್ಬಿಡೋದು ತಾನೆ?"

ಅಜ್ಜಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು. "ಹೂಂ ಕಣವ್ವ, ಅಂಗೇ ಮಾಡಿ."

ದುರ್ಗೇಶನ ಮುಖದಲ್ಲಿ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಜ್ಜಿಯನ್ನು ನೋಡಿ ಅವನು ನಕ್ಕ, ಮಕ್ಕಳು ಬಿದ್ದಾಗ ನೋವಾಗಲಿಲ್ಲವೆಂದು ತೋರಿಸಲು ನಗುತ್ತಾರಲ್ಲ, ಹಾಗೆ.

"ಆತ್ರಿ. ಕೆ.ಆರ್. ಪುರಂನಾಗ ನಮ್ಮ ಅವ್ವ ಇರೋ ರೂಮ ಅದ, ಅಲ್ಲಿಗೆ ಹೋಗ್ತೀನಿ. ಭಾನುವಾರ ಬಂದು ಸಾಮಾನು ಒಯ್ತೀನಿ." ಗೇಟಿನ ತನಕ ಹೋದವನು ತಿರುಗಿದ. "ಮೇಡಂ, ನೀವು ಮೊದಲ ನನ್ನ ಕೇಳಿದ್ದಿದ್ರ... ಇರ್ಲಿ ಬಿಡ್ರಿ."

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಊಟ ಆಯ್ತಾ ಎಂದು ಕೇಳುವವರೂ ಇರಲಿಲ್ಲ.

ಮಾರನೆಯ ದಿನ ನೀರಿನ ದಿನ. ಮಧ್ಯಾಹ್ನದ ಬ್ರೇಕಿನಲ್ಲಿ ಹೇಮಶ್ರೀ ಹೆಡ್‌ಫೋನು ತೆಗೆದಿಟ್ಟಾಗ ಹೊರಗೆ ಟಣಟಣ ಸದ್ದು. ಟಣಟಣ ಅಲ್ಲ, ಜೋರು ಧಾರೆಯ ಢಣಢಣ. ಆಗಲೇ ನೀರು ತಿಳಿಯಾಗಿ ಬಹಳ ಹೊತ್ತಾಗಿರಬೇಕು, ಅಷ್ಟು ಜೋರು. ಅಜ್ಜಿ ಎಲ್ಲಿ ಹೋದಳು? ಬಿದ್ದುಗಿದ್ದಳೇ? ಗಾಬರಿಯಿಂದ ಓಡಿ ಬಂದಳು.

ಅಜ್ಜಿ ಎಲ್ಲಿಗೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ನಲ್ಲಿಗೆ ಬೆನ್ನು ಹಾಕಿ ಕೂತು ಬೆರಕೆ ಸೊಪ್ಪು ಬಿಡಿಸುತ್ತಿದ್ದಳು. ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನೀರು ಬೋಗುಣಿಯನ್ನು ಬಡಿದು ಮೋರಿಗೆ ಹರಿಯುತ್ತಿತ್ತು. ಅಜ್ಜಿಯ ಕೈ ಒಂದು ಸಲವೂ ನಿಲ್ಲಲಿಲ್ಲ. ಮಡಿಲಲ್ಲಿ ಸೊಪ್ಪಿನ ಜೊತೆ ಅವಳ ಪುಟ್ಟ ಬಟನ್ ಫೋನಿತ್ತು. ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಅಜ್ಜೀ."

ಇಲ್ಲ.

"ಅಜ್ಜೀ!"

ಇಲ್ಲ. ಹೇಮಶ್ರೀ ಎದುರಿಗೆ ಬಂದು ನಿಂತಳು. ಮೊಮ್ಮಗಳ ಮುಖ ನೋಡಿ ಅಜ್ಜಿ ಗಕ್ಕನೆ ಹಿಂತಿರುಗಿದಳು. ಧಾರೆಯನ್ನು ಕಂಡವಳ ಮುಖ ಇಳಿದುಹೋಯಿತು.

"ಫೋನು ಅಲ್ಲಾಡ್ಲೇ ಇಲ್ಲ ಕಣವ್ವ," ಎಂದಳು ಸಣ್ಣಗೆ. "ಬೆಳಿಗ್ಗೆಯಿಂದ ಮಡ್ಲಾಗೇ ಮಡೀಕಂಡಿವ್ನಿ. ಆ ಹುಡ್ಗ ಮಿಸ್ಡ್ ಕಾಲೇ ಕೊಡ್ಲಿಲ್ಲ."

ಆಗ ಒಂದೊಂದಾಗಿ ಹೊರಬಂತು. ಬೇಸಿಗೆಯಿಂದಲೇ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ತಿಳಿಯದಿದ್ದರೆ ಹೂಂ ಅನ್ನುತ್ತಿದ್ದಳು. ಒಂದು ಶನಿವಾರ ನೀರು ಸುರಿಯುತ್ತಿದ್ದರೂ ಅವಳು ತಿರುಗದ್ದನ್ನು ದುರ್ಗೇಶ ಮೇಲಿನಿಂದ ಕಂಡು, ಇಳಿದು ಬಂದು, ತಾನೇ ಪೈಪು ಸಿಕ್ಕಿಸಿದ್ದ. ಅಜ್ಜಿ ಅವನ ಕೈ ಹಿಡಿದುಕೊಂಡಿದ್ದಳು, ಯಾರಿಗೂ ಹೇಳಬೇಡ ಎಂದು. ಅವನು ತನ್ನ ಹಳೇ ಫೋನನ್ನು ನಲ್ಲಿಯ ಕಡೆ ತಿರುಗಿಸಿ ಕಟ್ಟಿದ. ಆಫೀಸಿನಲ್ಲಿ ಕೂತು ನಕ್ಷೆಯ ಪಕ್ಕದಲ್ಲೇ ನಲ್ಲಿಯನ್ನೂ ನೋಡುತ್ತಿದ್ದ. ಹನಿ ಬಿದ್ದ ಕೂಡಲೇ ಮಿಸ್ಡ್ ಕಾಲ್. ಮಡಿಲಲ್ಲಿ ಫೋನು ಗುರ್ರೆನ್ನುತ್ತಿತ್ತು, ಅಜ್ಜಿ ಕೂಗುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ ಅಜ್ಜಿ?" ಎದುರು ಕುಕ್ಕರಿಸಿ, ತುಟಿ ಕಾಣುವಂತೆ ಕೇಳಿದಳು ಹೇಮಶ್ರೀ. ಕಣ್ಣು ತುಂಬಿತ್ತು.

"ನಿಂಗೆ ಗೊತ್ತಾದ್ರೆ ಕೆಲ್ಸ ಬಿಟ್ಟು ನನ್ ಪಕ್ಕ ಕೂತ್ಕಂಬಿಡ್ತೀಯ. ಇನ್ನೊಂದು..." ಅಜ್ಜಿ ಸೊಪ್ಪಿನ ದಂಟು ಮುರಿದಳು. "ಈ ಮನೇಲಿ ನಾನು ಮಾಡೋ ಕೆಲ್ಸ ಅಂತ ಉಳ್ದಿರೋದು ಅದೊಂದೇ ಅಲ್ವೇನವ್ವ?"

ಹೇಮಶ್ರೀ ಅಜ್ಜಿಯ ಸೆರಗಿನಲ್ಲಿ ಮುಖವಿಟ್ಟು ಅತ್ತಳು. ಊರನ್ನೆಲ್ಲ ಅನುಮಾನಿಸಿದವಳು ಮನೆಯೊಳಗೆ ಗಮನಿಸಬೇಕಾದ್ದನ್ನೇ ಗಮನಿಸಿರಲಿಲ್ಲ. ಮಾತು ಉಳಿಸಿಕೊಂಡವನನ್ನು ಕಳ್ಳನೆಂದು ಕಳಿಸಿದ್ದಳು.

"ನಿನ್ನೆ ಏನಾಯ್ತು?" ಎಂದಳು ಅಜ್ಜಿ. "ಮಬ್ಬಾಗಿತ್ತು, ಯಾರ್ ತುಟೀನೂ ಕಾಣ್ಲಿಲ್ಲ. ನೀನ್ ಏನೋ ಕೇಳ್ದೆ, ನಾನು ಹೂಂ ಅಂದೆ. ಏನ್ ಕೇಳ್ದೆ?"

ಉತ್ತರ ಕೇಳಿದ ಮೇಲೆ ಅಜ್ಜಿ ಮೊಮ್ಮಗಳ ತಲೆಗೊಂದು ಮೊಟಕಿದಳು. ಸೊಪ್ಪಿನ ಕೈ, ಅಷ್ಟೇನೂ ನೋಯಲಿಲ್ಲ. ಆದರೂ ಅದು ಬೇಕಾಗಿತ್ತು.

ದುರ್ಗೇಶ ಅವಳ ಫೋನು ಎತ್ತಲಿಲ್ಲ. ಅವಳು ಶಿವಾಜಿನಗರಕ್ಕೆ ಹೋಗಿ ಒಂದು ಪೊಟ್ಟಣ ಪ್ಲಗ್ಗು, ಇಕ್ಕಳ ಕೊಂಡು ತಂದಳು. ಕಿತ್ತಿದ್ದ ತುದಿಯನ್ನು ಸ್ವಿಚ್ಚಿಗೆ ಮತ್ತೆ ಸಿಕ್ಕಿಸಿದಳು. ಹಳೇ ಫೋನನ್ನು ಜಾಲರಿಯ ಹಿಂದೆ ಮತ್ತೆ ಕಟ್ಟಿದಳು. ಈ ಸಲ ಬಾಗಿ, ಅದರ ನೇರಕ್ಕೆ ಕಣ್ಣಿಟ್ಟು ನೋಡಿದಳು. ನಲ್ಲಿ, ಬೋಗುಣಿ, ಮೋರಿಯ ಅಂಚು. ಅವಳ ಬಾಗಿಲಿನ ಒಂದು ಮೂಲೆಯೂ ಕಾಣದಂತೆ ಅವನು ಜಾಲರಿಗೆ ರಟ್ಟಿನ ತುಂಡೊಂದನ್ನು ಅಡ್ಡ ಅಂಟಿಸಿದ್ದ. ಆ ರಟ್ಟನ್ನು ನೋಡಿ ಅವಳಿಗೆ ಮತ್ತೊಂದು ಸಲ ಅಳು ಬಂತು.

ಭಾನುವಾರ ಅವನು ಸಾಮಾನಿನ ಆಟೋ ಕರೆದುಕೊಂಡು ಬಂದಾಗ ಹೇಮಶ್ರೀ ಮೆಟ್ಟಿಲ ತಿರುವಿನಲ್ಲಿ ಕೂತಿದ್ದಳು. ಸುತ್ತ ಕೆಟ್ಟ ಪ್ಲಗ್ಗುಗಳು ಚೆಲ್ಲಿದ್ದವು. ಒಂದು ಬೆರಳಿಗೆ ಬಟ್ಟೆ ಸುತ್ತಿತ್ತು.

"ದಾರಿ ಬಿಡ್ರಿ ಮೇಡಂ."

"ಬಿಡಲ್ಲ. ಬಿಳಿ-ಹಸಿರು ಆದ್ಮೇಲೆ ಏನು?"

ಅವನು ಕೆಟ್ಟ ಪ್ಲಗ್ಗುಗಳನ್ನು ನೋಡಿದ. ಬೆರಳಿನ ಬಟ್ಟೆಯನ್ನು ನೋಡಿದ. ಜಾಲರಿಯ ಹಿಂದೆ ಮತ್ತೆ ಕಟ್ಟಿದ್ದ ಫೋನನ್ನು ನೋಡಿದ. ಅಜ್ಜಿ ಹೇಳಿರುವಳೆಂದು ತಿಳಿಯಿತು. ಮೆಟ್ಟಿಲ ಮೇಲೆ ಅವಳಿಗಿಂತ ಒಂದು ಕೆಳಗೆ ಕೂತ.

"ನೀಲಿ," ಎಂದ.

"ನೀಲಿ ಯಾಕೆ? ಹಸಿರು ಬರ್ಬೇಕಲ್ವಾ?"

"ನಾ ಸುಳ್ಳ ಹೇಳಿದ್ರ ನನಗೇನ್ ಸಿಗ್ತದ?"

ಅವಳು ನಗಲು ಹೋಗಿ ಬಿಕ್ಕಿದಳು. ಅವನು ಬಣ್ಣ ಹೇಳಿದ, ಅವಳು ಜೋಡಿಸಿದಳು. ಬಿಳಿ-ನೀಲಿ. ಹಸಿರು. ಬಿಳಿ-ಕಂದು. ಕಂದು. ಇಕ್ಕಳ ಒತ್ತುವಾಗ ಅವಳ ಕೈಗೆ ಬಲ ಸಾಲದೆ, ಅವನ ಕೈ ಅವಳ ಕೈಯ ಮೇಲೆ ಬಂತು. ಕಟಕ್ ಎಂದಿತು. ಆಮೇಲೂ ಯಾರೂ ಕೈ ತೆಗೆಯಲಿಲ್ಲ. ತುಂಡಾದ ಕಡೆ ಎರಡೂ ತುದಿಗೆ ಪ್ಲಗ್ಗು ಬಿತ್ತು, ನಡುವೆ ಒಂದು ಸಣ್ಣ ಜೋಡಣೆ. ಅವಳು ಸಿಕ್ಕಿಸಿದಳು. ತೆರೆದ ಬಾಗಿಲಿನಿಂದ ಕೆಳಗಿನ ಟೇಬಲ್ ಕಾಣುತ್ತಿತ್ತು. ಹಸಿರು ದೀಪ ಹತ್ತಿಕೊಂಡಿತು.

"ದುರ್ಗೇಶ್ ಸರ್," ಎಂದಳು ಹೇಮಶ್ರೀ, ಆಫೀಸಿನ ದನಿಯಲ್ಲಿ. "ಒಂದು ಅನುಮಾನದ ವ್ಯವಹಾರ ನಮ್ಮ ಗಮನಕ್ಕೆ ಬಂದಿದೆ."

"ಏನ್ ಮೇಡಂ ಅದು?"

"ಕೆಳಗಿನ ಮನೆ ಹುಡುಗಿ ಮನಸ್ಸು ಕೆಲವು ವಾರದಿಂದ ಅವಳ ಹತ್ರ ಇಲ್ಲ. ಅದನ್ನ ತಗೊಂಡ್ ಹೋಗಿದ್ದು ನೀವೇನಾ? ಈ ಸಲ ಯಾವ್ದನ್ನೂ ಬ್ಲಾಕ್ ಮಾಡಿಲ್ಲ. ಮೊದ್ಲು ಕೇಳ್ತಿದೀನಿ." ಕೈ ಬಿಡಿಸಿ ಅಂಗೈ ಮುಂದೆ ಚಾಚಿದಳು. "ಹೌದಾದ್ರೆ ಒಂದು ಒತ್ತಿ. ಅಲ್ಲ ಅಂದ್ರೆ... ಎರಡು."

ಅವನು ಅಂಗೈಯನ್ನು ನೋಡಿದ. ಕೆಳಗೆ ಆಟೋದವನು ಹಾರ್ನ್ ಹೊಡೆದ. ಹೆಬ್ಬೆರಳಿನಿಂದ ಒಂದು ಸಲ ಒತ್ತಿದ, ಒತ್ತಿ ಹಾಗೇ ಇಟ್ಟುಕೊಂಡ.

"ನನಗೂ ಭಾಳ ಸಂಶಯ ಇತ್ತು, ಹೇಮಾ," ಎಂದ. ಮೇಡಂ ಎಲ್ಲೋ ಬಿದ್ದುಹೋಗಿತ್ತು. "ಪಾಸ್‌ವರ್ಡಿನ್ಯಾಗ ಊಟ ಕೇಳೋರು ಯಾವಾಗ ನೇರ ಕೇಳ್ತಾರ ಅಂತ."

"ಊಟ ಆಯ್ತಾ?"

"ಇಲ್ಲ. ನಿನ್ನ ಬಿಟ್ಟು ಹೋದ ದಿನದಿಂದ ಸರಿಯಾಗಿ ಆಗಿಲ್ಲ."

ಅವನು ತೆಗೆದು ಇಬ್ಬರ ನಡುವೆ ಇಟ್ಟ ಫೋನಿನ ಪರದೆಯಲ್ಲಿ ನಲ್ಲಿಯ ಚಿತ್ರವಿತ್ತು. ಆ ಕಡೆ ಕಣ್ಣು ಹೋದದ್ದು ಅವಳದೇ ಮೊದಲು. ನಲ್ಲಿಯ ಬಾಯಲ್ಲಿ ಒಂದು ಕೆಂಪು ಹನಿ ತೂಗಿ, ಬಿತ್ತು. ಅವಳು ಅವನನ್ನು ನೋಡಿದಳು. ಅವನು ಹುಬ್ಬೆತ್ತಿದ. ಅಜ್ಜಿಯ ನಂಬರು ಒತ್ತಿ, ಒಂದು ರಿಂಗಿಗೆ ಕತ್ತರಿಸಿದಳು.

"ನೀರ್ ಬಂತ್ರೇ!" ಕೆಳಗಿನಿಂದ ಅಜ್ಜಿಯ ಕೂಗು ಗಲ್ಲಿಯ ಆ ತುದಿಗೂ ಕೇಳುವಂತೆ ಬಂತು. "ಮೆಹ್ವಿಶೂ, ಡ್ರಮ್ ತಾರೇ!"

ಮೆಷಿನ್ನು ನಿಂತಿತು. ಡ್ರಮ್ಮು ಉರುಳಿತು. "ಯಾ ಅಲ್ಲಾ, ಈ ಅಜ್ಜಿ ಕಿವಿ ನೋಡು! ಒಂದು ಹನಿ ಬಿದ್ದಿಲ್ಲ, ಆಗ್ಲೇ ಗೊತ್ತಾಯ್ತು!"

ಇಬ್ಬರೂ ಮೆಟ್ಟಿಲಿಳಿದು ಬಂದರು. ಅವನು ಆಟೋದವನಿಗೆ ಹೋಗಪ್ಪಾ ಎಂದು ಕೈಬೀಸಿದ. ಅವಳು ಪೈಪು ಎತ್ತಿಕೊಂಡಳು. ಡ್ರಮ್ಮಿನ ಹಿಂದಿನಿಂದ ಮೆಹ್ವಿಶ್ ಇವರ ಕೈಗಳನ್ನೂ, ಖಾಲಿ ಹೊರಟ ಆಟೋವನ್ನೂ ನೋಡಿ ಕಣ್ಣು ಕಿರಿದು ಮಾಡಿದಳು.

"ಹೇಮಾ, ನಂಗ್ಯಾಕೋ ನಿಮ್ಮಿಬ್ಬರ ಮೇಲೆ ಡೌಟ್ ಬರ್ತಿದೆ."

"ಡೌಟ್ ಬಂದ್ರೆ ಮೊದ್ಲು ಕೇಳ್ಬಿಡ್ಬೇಕು ಕಣೇ," ಎಂದಳು ಹೇಮಶ್ರೀ. "ಕೇಳು, ಹೇಳ್ತೀನಿ."